ಇಂಗಾಲದ ಹಣವೂ ನಮ್ಮ ಮರಗಳೂ



ಹೊಸೂರು, ತಳಿ, ಡೆಂಕಣಿಕೋಟೆ ಕಡೆ ನಮ್ಮವರು ಕೇಳುವುದು ಒಂದೇ: "ನಮ್ಮ ಮಾವಿನ ತೋಪಿಗೆ ಇಂಗಾಲದ ಹಣ ಬರುತ್ತದೆಯೇ?" ಹಳೆಯ ತೋಪಿಗೆ ಬಾರದು. ತಾತ ನೆಟ್ಟ ಮರದ ಪುಣ್ಯ ತಾತನಿಗೆ. ಲೆಕ್ಕಕ್ಕೆ ಸಿಗುವುದು ಯೋಜನೆಗಾಗಿ ಹೊಸದಾಗಿ ಮಾಡಿದ ಕೆಲಸ ಮಾತ್ರ.

ಒಂದು ಟನ್ ಇಂಗಾಲದ ಡೈಆಕ್ಸೈಡ್ ಹೀರಿದರೆ ಒಂದು ಕ್ರೆಡಿಟ್. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ. ಹಾಗಾಗಿ ಒಂದು ಟನ್ ಒಣ ಮರವೆಂದರೆ ಸುಮಾರು 1.8 ಟನ್ ಅನಿಲ ಹೀರಿದಂತೆ. ಎರಡೆಕರೆಯವನೊಬ್ಬನಿಗೆ ಅಳತೆಯ ಖರ್ಚೂ ಹುಟ್ಟದು; ನೂರಾರು ಜನ ಒಂದೇ ಯೋಜನೆಗೆ ಸೇರಬೇಕು. ಕೇಂದ್ರ ಕೃಷಿ ಸಚಿವಾಲಯವು 2024ರ ಜನವರಿಯಲ್ಲಿ ಪ್ರಕಟಿಸಿದ ಮಾರ್ಗಸೂಚಿ ಸಣ್ಣ ರೈತರನ್ನು ಗಮನದಲ್ಲಿಟ್ಟುಕೊಂಡದ್ದು.

ಬದುವಿನಲ್ಲಿ ಹೆಬ್ಬೇವು, ತೇಗ, ಹುಣಸೆ ನೆಡುವವರು ನೆಡುವ ಮುಂಚೆಯೇ ಹೊಲದ ಫೋಟೋ ತೆಗೆಸಿಡಿ. ಸಸಿ ಕೊಂಡ ರಸೀದಿ ಜೋಪಾನ. ಪಟ್ಟಾ, ಚಿಟ್ಟಾ ಸರಿಯಿರಲಿ. ಕೂಟುಪಟ್ಟಾ ಆದರೆ ಅಣ್ಣತಮ್ಮಂದಿರ ಒಪ್ಪಿಗೆ ಬೇಕು. (ಅದೇ ಕಷ್ಟದ ಕೆಲಸ!) ಕುರುಚಲು ಕಾಡು ಕಡಿದು ಗಿಡ ನೆಡಬೇಡಿ. ಕಡಿದು 10 ವರ್ಷ ತುಂಬದ ಜಾಗಕ್ಕೆ, ಕ್ರೆಡಿಟ್ ನೀಡುವ ಅಮೆರಿಕದ ವೆರಾ ಸಂಸ್ಥೆ ತಕರಾರು ತೆಗೆಯುತ್ತದೆ.

ಕರಾರು ದಶಕಗಟ್ಟಲೆ ನಡೆಯುವಂಥದು. ನಡುವೆ ಮಗಳ ಮದುವೆಗೆಂದು ತೇಗ ಕಡಿಯಬಹುದೇ? ಬೆಂಕಿ ಬಿದ್ದರೆ ನಷ್ಟ ಯಾರದು? ಬಂದ ಹಣದಲ್ಲಿ ದಲ್ಲಾಳಿಗೆಷ್ಟು? ಇವಕ್ಕೆ ನಿಮಗೆ ಓದಲು ಬರುವ ಭಾಷೆಯಲ್ಲಿ, ಕಾಗದದ ಮೇಲೆ, ಉತ್ತರ ಕಾಣದೆ ಸಹಿ ಹಾಕಬೇಡಿ.

ಕಬ್ಬಿನ ತರಗು ಸುಡದೆ ಸಾಲಿಗೆ ಹರಡುವವರಿಗೂ ದಾರಿಯುಂಟು. ಆದರೆ ಮೊದಲ ವರ್ಷವೇ ಮಣ್ಣಿನ ಇಂಗಾಲ ಅಳೆಸಿಡಿ. ಇಲ್ಲದಿದ್ದರೆ ಏರಿಕೆ ತೋರಿಸುವುದು ಯಾವುದರ ಮೇಲೆ?