ಮರಳುನಾಡಿನ ಚಳಿಗಾಲದ ಸಂತೆ

2016ರ ಜುಲೈ 21ರಂದು ಕುವೈತಿನ ಮಿತ್ರಿಬಾ ಎಂಬಲ್ಲಿ ಉಷ್ಣಾಂಶ 53.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ವಿಶ್ವ ಹವಾಮಾನ ಸಂಸ್ಥೆ ಅದನ್ನು ಪರಿಶೀಲಿಸಿ, ಏಷ್ಯಾದ ಗರಿಷ್ಠ ತಾಪಮಾನವೆಂದು ಒಪ್ಪಿಕೊಂಡಿತು. ಅಂಥ ದೇಶದಲ್ಲಿ ಬಯಲಿಗೆ ಮೇಜು ಹಾಕಿ, ಕೈಯಲ್ಲೇ ಮಾಡಿದ ಸೋಪು, ಮಡಕೆ, ಕಸೂತಿ ಚೀಲ ಮಾರುವುದೆಂದರೆ ಹುಚ್ಚು ಎನಿಸೀತು. ಬೇಸಿಗೆಯಲ್ಲಿ ಅದು ಹುಚ್ಚೇ ಸರಿ. ನವೆಂಬರ್ ಬಂದು ಗಾಳಿ ತಣ್ಣಗಾದರೆ ಮಾತು ಬೇರೆ. ಅಲ್ಲಿಂದ ಮಾರ್ಚ್–ಏಪ್ರಿಲ್‌ವರೆಗಿನ ತಿಂಗಳುಗಳೇ ಅಲ್ಲಿನ ಕೈಕೆಲಸದವರಿಗೆ ಸುಗ್ಗಿ. ಈ ವ್ಯಾಪಾರಕ್ಕೆ ಹಣಕ್ಕಿಂತ ದೊಡ್ಡ ಬಂಡವಾಳ ಪಂಚಾಂಗ.

ಸಂತೆ ಕುವೈತಿಗೆ ಹೊಸದಲ್ಲ. 1896ರಿಂದ 1915ರವರೆಗೆ ಆಳಿದ ಶೇಖ್ ಮುಬಾರಕ್ ಅವರ ಹೆಸರಿನ ಮುಬಾರಕಿಯಾ ಮಾರುಕಟ್ಟೆ ಇವತ್ತಿಗೂ ನಗರದ ನಡುವೆ ಗಿಜಿಗುಡುತ್ತದೆ. ಗಂಡಸರು ಸಮಾರಂಭಗಳಲ್ಲಿ ಹೊದೆಯುವ ಜರಿಯಂಚಿನ ಬಿಶ್ತ್ ಹೊಲಿಯುವವರದೇ ಅಲ್ಲಿ ಒಂದು ಓಣಿ. ಹೆಂಗಸರೇ ಕೂತು ಮಾರುವ ಜಾಗಕ್ಕೆ ಸೂಕ್ ಅಲ್ ಹರೀಮ್ ಎಂದು ಹೆಸರು. ಕಾಡಿಗೆ, ಮುಸುಕು, ಬಟ್ಟೆಬರೆಗಳ ನಡುವೆ ವಯಸ್ಸಾದ ಅಜ್ಜಿಯರು ಚೌಕಾಸಿಗೆ ಸಿದ್ಧರಾಗಿ ಕೂತಿರುತ್ತಾರೆ.

ಆದರೆ ಕುವೈತಿನ ಅತ್ಯಂತ ಹೆಸರಾದ ಕೈಕಸುಬು ಮೊದಲಿಗೆ ಮಾರಾಟದ ಸರಕೇ ಆಗಿರಲಿಲ್ಲ. ಅದು ಸದು, ಮರಳುಗಾಡಿನ ಅಲೆಮಾರಿಗಳಾದ ಬೆದುವಿನ್ ಹೆಂಗಸರ ನೆಯ್ಗೆ. ಕುರಿಯ ಉಣ್ಣೆ, ಒಂಟೆಯ ಕೂದಲು, ಮೇಕೆಯ ಕೂದಲನ್ನು ಕದಿರಿನಲ್ಲಿ ನೂತು, ಹಾಸನ್ನು ನೆಲದ ಮೇಲೆಯೇ ಗೂಟಗಳಿಗೆ ಬಿಗಿದು, ಪಕ್ಕದಲ್ಲಿ ಕೂತು ನೇಯುತ್ತಾರೆ. ಬಟ್ಟೆಯ ಮೇಲೆ ಕಾಣುವುದೆಲ್ಲ ಹಾಸಿನ ಎಳೆ. ಹೊಕ್ಕು ಒಳಗೆ ಅಡಗಿರುತ್ತದೆ. ಬೇಕಾದ ಬಣ್ಣದ ಎಳೆಯನ್ನು ಬೆರಳಿನಿಂದ ಆರಿಸಿ ಎತ್ತಬೇಕು, ಹೊಕ್ಕನ್ನು ಜಿಂಕೆಯ ಕೊಂಬಿನಿಂದ ಎಳೆದು ಬಿಗಿ ಮಾಡಬೇಕು. ‘ಶಜರಾ’ ಎಂಬ ನಡುಪಟ್ಟಿಯಲ್ಲಿ ಒಂಟೆ, ಬಾಚಣಿಗೆ, ಕತ್ತರಿಯಂಥ ಚಿತ್ರಗಳು ಮೂಡುತ್ತವೆ. ನೇಯುವವಳ ಕೈಚಳಕವನ್ನು ಜನ ಅಳೆಯುವುದು ಆ ಪಟ್ಟಿಯಿಂದಲೇ. ಚಳ್ಳಕೆರೆಯ ಕಡೆ ಕಂಬಳಿ ನೇಯುವುದನ್ನು ನೋಡಿದವರಿಗೆ ಇದರ ಶ್ರಮ ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ನೇಯುತ್ತಿದ್ದುದು ತಮ್ಮದೇ ಗುಡಾರಕ್ಕೆ, ತಮ್ಮದೇ ಒಂಟೆಯ ಮೈಮೇಲಿನ ಚೀಲಕ್ಕೆ. 1946ರಲ್ಲಿ ಎಣ್ಣೆ ತುಂಬಿದ ಮೊದಲ ಹಡಗು ಹೊರಟಿತು. ಮುಂದಿನ ದಶಕಗಳಲ್ಲಿ ಗುಡಾರದವರು ಕಾಂಕ್ರೀಟಿನ ಮನೆ ಸೇರಿದರು. ಗುಡಾರವೇ ಇಲ್ಲದ ಮೇಲೆ ಗುಡಾರದ ಪರದೆ ಯಾರಿಗೆ ಬೇಕು?

1979ರಲ್ಲಿ ಶೇಖಾ ಅಲ್ತಾಫ್ ಅಲ್ ಸಬಾಹ್ ಮತ್ತಿತರರು ಸದು ಉಳಿಸುವ ಕೆಲಸಕ್ಕೆ ಕೈಹಾಕಿದರು. 1991ರಲ್ಲಿ ಅದು ನೇಕಾರರ ಸಹಕಾರ ಸಂಘವಾಯಿತು. ಕಡಲ ತೀರದ ಗಲ್ಫ್ ರಸ್ತೆಯಲ್ಲಿ, ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹತ್ತಿರವಿರುವ ಸದು ಹೌಸ್ ಅದರ ನೆಲೆ. ಅಲ್ಲಿ ನೆಯ್ಗೆ ಕಲಿಸುತ್ತಾರೆ, ನೇಯ್ದದ್ದನ್ನು ಮಾರುತ್ತಾರೆ. ಮೀಟರುಗಟ್ಟಲೆ ಉದ್ದದ ಪರದೆಯ ಜಾಗಕ್ಕೆ ದಿಂಬಿನ ಗವಸು, ಕೈಚೀಲಗಳು ಬಂದವು. ಹಳಬರಿಗೆ ಇದು ಇಳಿಕೆ ಎನಿಸಬಹುದು, ಆದರೆ ಪ್ರವಾಸಿ ಸೂಟ್‌ಕೇಸಿಗೆ ತುರುಕಬಲ್ಲದ್ದನ್ನು ಮಾತ್ರ ಕೊಳ್ಳುತ್ತಾನೆ. 2020ರಲ್ಲಿ ಸೌದಿ ಅರೇಬಿಯಾ ಮತ್ತು ಕುವೈತ್ ಎರಡರ ಹೆಸರಿನಲ್ಲಿ ಸದು ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಮಾನ್ಯತೆಯಿಂದ ಹೆಸರು ಬಂತು, ಪೈಪೋಟಿ ತಪ್ಪಲಿಲ್ಲ. ಸದು ಚಿತ್ತಾರವನ್ನೇ ಯಂತ್ರದಲ್ಲಿ ಹೊಡೆದ ಬಟ್ಟೆ ಕೊಲ್ಲಿಯ ಅಂಗಡಿಗಳಲ್ಲೆಲ್ಲ ಅಗ್ಗಕ್ಕೆ ಸಿಗುತ್ತದೆ. ದೂರದಿಂದ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ದಿನಾರ್ ಎಂದರೆ ನಮ್ಮ ಇನ್ನೂರೈವತ್ತು ರೂಪಾಯಿಗೂ ಮೇಲೆ. ಹಲವು ದಿನ ಕೂತು ನೇಯ್ದದ್ದಕ್ಕೆ ನ್ಯಾಯವಾದ ಬೆಲೆ ಹೇಳಿದರೆ ಗಿರಾಕಿ ಹುಬ್ಬೇರಿಸುತ್ತಾನೆ. ಮೇಜಿನ ಆಚೆ ನೇಯ್ದವಳೇ ನಿಂತು ಎಳೆ ಎತ್ತುವುದು ಹೇಗೆಂದು ತೋರಿಸಿದರೆ ಆ ಹುಬ್ಬು ತುಸು ಇಳಿದೀತು. ಸಂತೆಯ ಮೇಜು ಶೋರೂಮಿನ ಗಾಜಿಗಿಂತ ಮೇಲಾಗುವುದು ಇಲ್ಲಿಯೇ.

ಕಳೆದ ದಶಕದಲ್ಲಿ ಹುಟ್ಟಿಕೊಂಡ ಕೂತ್ ಮಾರ್ಕೆಟ್ ನಡೆದದ್ದು ಇದೇ ದಾರಿಯಲ್ಲಿ: ತಂಪಿನ ತಿಂಗಳುಗಳಲ್ಲಿ ತಿಂಗಳಿಗೊಂದು ಶನಿವಾರ, ಮನೆಯಲ್ಲಿ ಮಾಡಿದ ತಿಂಡಿ, ತೋಟದ ತರಕಾರಿ, ಕೈಕೆಲಸ. ಸಾಲ್ಮಿಯಾದಲ್ಲಿ ನೆರೆಹೊರೆಯವರು ಕೂಡಿ ಬೆಳೆಸಿದ ಸೀಕ್ರೆಟ್ ಗಾರ್ಡನ್ ಎಂಬ ಪುಟ್ಟ ತೋಟದಲ್ಲೂ ವಾರಾಂತ್ಯಕ್ಕೆ ಸಣ್ಣ ಸಂತೆ ಕೂಡುತ್ತಿತ್ತು. ಸರ್ಕಾರವೂ 2013ರಲ್ಲಿ 200 ಕೋಟಿ ದಿನಾರ್ ಬಂಡವಾಳದ ನಿಧಿಯೊಂದನ್ನು ಸಣ್ಣ ಉದ್ಯಮಗಳಿಗಾಗಿ ಕಾನೂನಿನ ಮೂಲಕ ಸ್ಥಾಪಿಸಿತು.

ಆ ನಿಧಿ ಕುವೈತಿ ನಾಗರಿಕರಿಗೆ ಮಾತ್ರ. ಸುಮಾರು 10 ಲಕ್ಷ ಭಾರತೀಯರಿರುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ಗಂಡನ ಜೊತೆ ಫ್ಯಾಮಿಲಿ ವೀಸಾದಲ್ಲಿ, ಅಂದರೆ ಆರ್ಟಿಕಲ್ 22ರಡಿ, ಬಂದ ಮಂಗಳೂರಿನ ಗೃಹಿಣಿಗೆ ಎಷ್ಟೇ ಚೆನ್ನಾದ ಕಸೂತಿ ಬರಲಿ, ಆ ವೀಸಾದ ಮೇಲೆ ದುಡಿಯುವಂತಿಲ್ಲ. ಹಾಗಾಗಿ ಅವಳ ಕೈಚಳಕ ಕಾಣುವುದು ಕನ್ನಡ ಕೂಟ, ತುಳು ಕೂಟಗಳ ಹಬ್ಬದ ದಿನ, ಬೆಲೆ ಚೀಟಿ ಇಲ್ಲದೆ.

ಕುವೈತಿ ಮನೆಗಳಲ್ಲಿ ಕೈಕೆಲಸಕ್ಕೆ ಬಿಡುವಿಲ್ಲದ ಹೊತ್ತು ರಂಜಾನ್. ತಿಂಗಳ ನಡುವಿನ ಮೂರು ರಾತ್ರಿ ಗರ್ಗೀಆನ್: ಮಕ್ಕಳು ಕೊರಳಿಗೆ ಚೀಲ ತೂಗಿಕೊಂಡು, ಹಾಡುತ್ತ ಮನೆಮನೆಗೆ ಹೋಗಿ ಮಿಠಾಯಿ, ಕಡಲೆಬೀಜ ತುಂಬಿಸಿಕೊಳ್ಳುತ್ತಾರೆ. ಹುಡುಗಿಯರಿಗೆ ಜರಿ ಕೆಲಸದ ಬುಖ್ನಕ್ ಎಂಬ ತಲೆವಸ್ತ್ರ ಬೇಕು. ಮಗುವಿನ ಹೆಸರು ಹೊಲಿದ ಚೀಲ, ಅಲಂಕಾರದ ಬುಟ್ಟಿ, ದೊಡ್ಡ ಹೆಂಗಸರಿಗೆ ದರ್ರಾ ಎಂಬ ನಿಲುವಂಗಿ, ಇವಕ್ಕೆಲ್ಲ ರಂಜಾನಿಗೆ ಮೊದಲೇ ಪ್ರದರ್ಶನ ಮಾರಾಟ ನಡೆಯುತ್ತದೆ.

ಚಾಂದ್ರಮಾನದ ರಂಜಾನ್ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2013ರಲ್ಲಿ ಅದು ಜುಲೈ–ಆಗಸ್ಟಿನ ಉರಿಯಲ್ಲಿ ಬಿದ್ದಿತ್ತು. ಆಗ ವ್ಯಾಪಾರವೆಲ್ಲ ಎ.ಸಿ. ಹಾಲುಗಳ ಒಳಗೇ. 2026ರ ಹೊತ್ತಿಗೆ ಫೆಬ್ರವರಿಗೆ ಬಂದು, ಫೆಬ್ರವರಿ 25, 26ರ ರಾಷ್ಟ್ರೀಯ ಮತ್ತು ವಿಮೋಚನಾ ದಿನಗಳ ಜೊತೆಗೂಡಿದೆ. 2030ರಲ್ಲಂತೂ, ಚಂದ್ರದರ್ಶನಕ್ಕೆ ತಕ್ಕಂತೆ, ರಂಜಾನ್ ಜನವರಿ ಮೊದಲ ವಾರದಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ ಶುರುವಾಗಲಿದೆ. ಗರ್ಗೀಆನ್ ಚೀಲ ಹೊಲಿಯುವವರು ಆ ವರ್ಷ ಸಂತೆಯ ಕಾಲ ಆರಂಭವಾಗುವ ಮೊದಲೇ, ಸೆಪ್ಟೆಂಬರಿನ ಸೆಕೆಯಲ್ಲೇ ಬಟ್ಟೆ ಕತ್ತರಿಸಲು ಕೂರಬೇಕು.