ಹಟಕ್ಕೂ ಮೌನಕ್ಕೂ ಒಂದೇ ಕಣ್ಣು



ನಮ್ಮಲ್ಲಿ ಕೂಸು ಹುಟ್ಟಿದಾಗ ಗಂಡೋ ಹೆಣ್ಣೋ ಎಂದು ನೋಡದೆ ಲಿಂಗ ಕಟ್ಟುತ್ತೇವೆ. ಅದೇ ಕೂಸಿಗೆ ಎರಡು ವರ್ಷ ತುಂಬುವಷ್ಟರಲ್ಲಿ ನಮ್ಮ ಅಳತೆಗೋಲು ಎರಡಾಗಿರುತ್ತದೆ. ಬಗದಲ್ ಸುತ್ತಲಿನ ಮನೆಗಳಲ್ಲಿ ನಾನು ಕೇಳುವ ಮಾತಿದು: ಮಗ ಹೊಡೆದರೆ, ಕಚ್ಚಿದರೆ “ಗಂಡುಹುಡುಗ, ಇರಲಿ ಬಿಡ್ರಿ”, ಮಗಳು ಮೂಲೆ ಹಿಡಿದು ಕೂತರೆ “ಬಂಗಾರದಂಥ ಕೂಸು, ಗದ್ದಲವೇ ಇಲ್ಲ.” ಈ ಎರಡೂ ಮಾತು ಮಗುವಿಗೆ ಸಿಗಬೇಕಾದ ನೆರವನ್ನು ತಪ್ಪಿಸುತ್ತವೆ.

ಒಂದರಿಂದ ಮೂರು ವರ್ಷದವರೆಗೆ ಹಟ, ಅಳು, ಸಿಟ್ಟು ಸಹಜ. ಆ ವಯಸ್ಸಿನಲ್ಲಿ ಗಂಡು ಹೆಣ್ಣಿನ ಅಂತರ ಚಿಕ್ಕದು. ಸರಾಸರಿ ನೋಡಿದರೆ ಗಂಡುಮಕ್ಕಳಿಗೆ ಮಾತು ತುಸು ತಡ. ಬಾಯಲ್ಲಿ ಹೇಳಲಾಗದ್ದು ಕೈಯಲ್ಲಿ, ಹಲ್ಲಿನಲ್ಲಿ ಹೊರಬರುತ್ತದೆ. ಅದನ್ನು ಗಂಡಸುತನವೆಂದು ಮೆಚ್ಚಿಕೊಂಡರೆ ಮಾತು ಕಲಿಸುವ ಕಾಲ ಕೈತಪ್ಪುತ್ತದೆ. ಆಟಿಸಂ ಗಂಡುಮಕ್ಕಳಲ್ಲೇ ಹೆಚ್ಚು ಪತ್ತೆಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ತಡವಾಗಿ ತಿಳಿಯುತ್ತದೆ. ಸುಮ್ಮನಿರುವುದನ್ನು ನಾವು ಒಳ್ಳೆಯ ಗುಣವೆಂದು ಎಣಿಸುವುದೂ ಅದಕ್ಕೊಂದು ಕಾರಣ.

ಆದ್ದರಿಂದ ಇಬ್ಬರಲ್ಲೂ ಒಂದೇ ಸಂಗತಿ ನೋಡಿರಿ. ಹೆಸರು ಕರೆದರೆ ತಿರುಗುತ್ತದೆಯೇ? ಕಣ್ಣಲ್ಲಿ ಕಣ್ಣಿಟ್ಟು ನಗುತ್ತದೆಯೇ? ಬೇಕಾದದ್ದಕ್ಕೆ ಬೆರಳು ತೋರಿಸುತ್ತದೆಯೇ? ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಆಡುತ್ತದೆಯೇ? ಇಲ್ಲವೆನಿಸಿದರೆ ಅಂಗನವಾಡಿ ಕಾರ್ಯಕರ್ತೆಗೆ ಹೇಳಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ಉಚಿತವಾಗಿ ಪರೀಕ್ಷಿಸುತ್ತದೆ.

ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೂ ಬೇಡವೆಂದು ಬಾಲಕ ಬಸವಣ್ಣ ಮನೆ ಬಿಟ್ಟ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆ ನಮ್ಮ ತೊಟ್ಟಿಲ ಬಳಿಗೂ ಬರಲಿ. ಹೊಡೆಯುವ ಮಗನ ಕೈ ಹಿಡಿದು ಮಾತು ಕಲಿಸಿರಿ. ಸುಮ್ಮನಿರುವ ಮಗಳ ಎದುರು ಕೂತು ಮಾತಾಡಿಸಿರಿ.