ಗರ್ಭಸ್ಥ ಶಿಶುವಿನ ಕಿವಿಯೂ ತಾಯಿಯ ಊಟವೂ

ಚಕ್ರವ್ಯೂಹವನ್ನು ಭೇದಿಸುವ ಬಗೆಯನ್ನು ಅಭಿಮನ್ಯು ತಾಯಿ ಸುಭದ್ರೆಯ ಗರ್ಭದಲ್ಲಿದ್ದಾಗಲೇ ಕೇಳಿ ಕಲಿತನೆಂಬ ಕಥೆಯನ್ನು ಅರಿಯದ ಕನ್ನಡ ಮನೆ ವಿರಳ. ಕಯಾಧುವಿನ ಗರ್ಭದಲ್ಲಿದ್ದ ಪ್ರಹ್ಲಾದ ನಾರದರ ಉಪದೇಶವನ್ನು ಆಲಿಸಿದನೆಂದು ಭಾಗವತ ಹೇಳುತ್ತದೆ. ಬಸುರಿಯ ಕಿವಿಗೆ ಒಳ್ಳೆಯ ಮಾತು ಬೀಳಬೇಕು, ಅವಳ ಮನಸ್ಸು ನೆಮ್ಮದಿಯಿಂದಿರಬೇಕು ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಇಂಥ ಕಥೆಗಳ ಬೆಂಬಲವಿತ್ತು. ಇಂದು ಅದೇ ನಂಬಿಕೆ ಬೇರೊಂದು ವೇಷದಲ್ಲಿ ಮಹಾನಗರಗಳ ಮಾರುಕಟ್ಟೆಯನ್ನು ಪ್ರವೇಶಿಸಿದೆ. ಹೊಟ್ಟೆಯ ಮೇಲೆ ಕಟ್ಟಿಕೊಳ್ಳುವ ಧ್ವನಿಯಂತ್ರ, ಹುಟ್ಟುವ ಮೊದಲೇ ಮಗುವನ್ನು ಮೇಧಾವಿಯಾಗಿಸುವೆವೆನ್ನುವ ಸಂಗೀತದ ಮುದ್ರಿಕೆ, ಶುಲ್ಕ ತೆತ್ತು ಸೇರಬೇಕಾದ ತರಗತಿ ಇವೆಲ್ಲ ಮಾರಾಟಕ್ಕಿವೆ. ಇವುಗಳಲ್ಲಿ ವಿಜ್ಞಾನವೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಗರ್ಭಸ್ಥ ಶಿಶುವಿಗೆ ಕಿವಿ ಕೇಳಿಸುತ್ತದೆಂಬುದು ನಿಜ. ಗರ್ಭಧಾರಣೆಯ ಸುಮಾರು 24ರಿಂದ 26ನೆಯ ವಾರದ ವೇಳೆಗೆ ಶಿಶು ಶಬ್ದಕ್ಕೆ ಪ್ರತಿಕ್ರಿಯೆ ತೋರತೊಡಗುತ್ತದೆ. ಅದು ವಾಸಿಸುವ ಸ್ಥಳ ನಿಶ್ಶಬ್ದವೇನೂ ಅಲ್ಲ. ತಾಯಿಯ ಹೃದಯದ ಬಡಿತ, ರಕ್ತದ ಹರಿವು, ಕರುಳಿನ ಗುಡುಗುಡು ಸದಾ ಇರುತ್ತವೆ. ಹೊರಗಿನ ಧ್ವನಿ ಹೊಟ್ಟೆಯ ಭಿತ್ತಿಯನ್ನೂ ಗರ್ಭಜಲವನ್ನೂ ದಾಟುವಾಗ ಮಂದವಾಗುತ್ತದೆ. ಅಕ್ಷರಗಳ ಸ್ಪಷ್ಟತೆ ಅಳಿದು, ಮಾತಿನ ಏರಿಳಿತ ಮತ್ತು ಲಯ ಉಳಿಯುತ್ತವೆ. ತಾಯಿಯ ಧ್ವನಿಗೆ ಮಾತ್ರ ವಿಶೇಷ ಸೌಕರ್ಯವಿದೆ: ಅದು ಹೊರಗಿನ ಗಾಳಿಯ ಮೂಲಕ ಮಾತ್ರವಲ್ಲದೆ ಅವಳ ದೇಹದ ಒಳಗಿನಿಂದಲೂ ಶಿಶುವನ್ನು ತಲುಪುತ್ತದೆ.

ಹೀಗೆ ಕೇಳಿದ್ದು ನೆನಪಿನಲ್ಲಿ ಉಳಿಯುವುದೇ? 1980ರಲ್ಲಿ ಅಮೆರಿಕದ ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬ ವಿಜ್ಞಾನಿಗಳು ಒಂದು ಜಾಣ ಪ್ರಯೋಗವನ್ನು ಪ್ರಕಟಿಸಿದರು. ಹುಟ್ಟಿ ಮೂರು ದಿನ ತುಂಬದ ಶಿಶುಗಳ ಬಾಯಿಗೆ ರಬ್ಬರಿನ ತೊಟ್ಟು ಕೊಟ್ಟು, ಚೀಪುವ ಗತಿಯನ್ನು ಬದಲಿಸಿದರೆ ತಾಯಿಯ ಧ್ವನಿಯೋ ಬೇರೊಬ್ಬ ಹೆಂಗಸಿನ ಧ್ವನಿಯೋ ಕೇಳಿಬರುವಂತೆ ಏರ್ಪಾಡು ಮಾಡಿದ್ದರು. ಶಿಶುಗಳು ತಾಯಿಯ ಧ್ವನಿ ಕೇಳಿಬರುವಂತೆಯೇ ಚೀಪಿದವು. 1986ರಲ್ಲಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಇನ್ನೂ ಮುಂದೆ ಹೋದರು. ಗರ್ಭಾವಧಿಯ ಕೊನೆಯ ಆರು ವಾರ ತಾಯಂದಿರು ದಿನವೂ ಒಂದು ಕಥೆಯನ್ನು ಗಟ್ಟಿಯಾಗಿ ಓದಿದರು. ಹುಟ್ಟಿದ ಮಕ್ಕಳು ಹೊಸ ಕಥೆಗಿಂತ ಅದೇ ಕಥೆಯನ್ನು ಬಯಸಿದವು, ಓದುವವಳು ತಾಯಿಯಲ್ಲದಿದ್ದಾಗಲೂ.

ಹೊರನಾಡ ಕನ್ನಡಿಗರಿಗೆ ಇದರಲ್ಲಿ ಹೆಚ್ಚಿನ ಆಸಕ್ತಿಯ ಅಂಶವೊಂದಿದೆ. ಮುಂಬಯಿಯ ಚಾಳಿನಲ್ಲಿ ಮನೆಯೊಳಗೆ ಕನ್ನಡ, ಪಕ್ಕದ ಬಾಗಿಲಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ. ಹೈದರಾಬಾದಿನಲ್ಲಿ ತೆಲುಗು, ಚೆನ್ನೈಯಲ್ಲಿ ತಮಿಳು. ಮಗುವಿಗೆ ಗೊಂದಲವಾದೀತೆಂದು ಹೆದರಿ ಕನ್ನಡವನ್ನೇ ಬದಿಗಿಡುವ ಕುಟುಂಬಗಳುಂಟು. 2010ರಲ್ಲಿ ಕೆನಡಾದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಗರ್ಭಾವಧಿಯಲ್ಲಿ ಇಂಗ್ಲಿಷ್ ಮತ್ತು ಫಿಲಿಪ್ಪೀನ್ಸ್‌ನ ತಗಾಲೊಗ್ ಎರಡನ್ನೂ ಆಡುತ್ತಿದ್ದ ತಾಯಂದಿರ ನವಜಾತ ಶಿಶುಗಳು ಎರಡೂ ಭಾಷೆಗಳಲ್ಲಿ ಆಸಕ್ತಿ ತೋರಿದವು. ಒಂದನ್ನು ಇನ್ನೊಂದರಿಂದ ಬೇರೆಯೆಂದು ಗುರುತಿಸಲೂ ಸಮರ್ಥವಾಗಿದ್ದವು. ಭಯಕ್ಕೆ ಆಧಾರವಿಲ್ಲ. ತಾಯಿ ಮನಸ್ಸಿಗೆ ಹತ್ತಿರವಾದ ನುಡಿಯಲ್ಲಿ ಮಾತನಾಡಲಿ, ಹಾಡಲಿ, ಅಕ್ಕಪಕ್ಕದವರೊಡನೆ ಅವರ ನುಡಿಯಲ್ಲಿ ಹರಟಲಿ.

ಆದರೆ ಧ್ವನಿಯ ಪರಿಚಯವೇ ಬುದ್ಧಿಯ ಬೆಳವಣಿಗೆಯೆಂದು ಸಾರುವುದು ಅನ್ಯಾಯ. ಮೊಜಾರ್ಟನ ಸಂಗೀತದಿಂದ ಮಗು ಚುರುಕಾಗುತ್ತದೆಂಬ ಪ್ರಚಾರದ ಮೂಲ 1993ರ ಒಂದು ಸಣ್ಣ ಪ್ರಯೋಗ. ಅದರಲ್ಲಿ ಭಾಗವಹಿಸಿದವರು ಕ್ಯಾಲಿಫೋರ್ನಿಯದ 36 ಮಂದಿ ಕಾಲೇಜು ವಿದ್ಯಾರ್ಥಿಗಳು. ಕಂಡುಬಂದ ಲಾಭ ಹದಿನೈದು ನಿಮಿಷವನ್ನು ಮೀರಲಿಲ್ಲ. ಶಿಶುಗಳ ಮಾತೇ ಅಲ್ಲಿರಲಿಲ್ಲ. ಹಾಗಿದ್ದೂ 1998ರಲ್ಲಿ ಅಮೆರಿಕದ ಜಾರ್ಜಿಯ ರಾಜ್ಯದ ಗವರ್ನರು ನವಜಾತ ಶಿಶುಗಳಿಗೆಲ್ಲ ಸಂಗೀತದ ಮುದ್ರಿಕೆ ಹಂಚುವ ಯೋಜನೆಯನ್ನೇ ಹೂಡಿದರು! ಹೊಟ್ಟೆಗೆ ಧ್ವನಿಯಂತ್ರವನ್ನು ಒತ್ತಿ ಕಟ್ಟುವುದರಿಂದ ಪ್ರಯೋಜನವಿಲ್ಲ. ಶಿಶು ದಿನದ ಬಹುಪಾಲು ನಿದ್ರಿಸುತ್ತದೆ, ಗಟ್ಟಿಯಾದ ಶಬ್ದ ಆ ನಿದ್ರೆಯನ್ನು ಕೆಡಿಸಬಹುದು.

ಮಿದುಳಿನ ನಿಜವಾದ ಕಟ್ಟೋಣ ತಾಯಿಯ ಊಟದ ತಟ್ಟೆಯಿಂದ ಆರಂಭವಾಗುತ್ತದೆ. ಮಿದುಳು, ಬೆನ್ನುಹುರಿಗಳಾಗಿ ಬೆಳೆಯಬೇಕಾದ ನರನಾಳ ಗರ್ಭಾಂಕುರವಾದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ವೇಳೆಗೆ ಎಷ್ಟೋ ಮಹಿಳೆಯರಿಗೆ ತಾವು ಬಸುರಿಯೆಂಬುದೇ ತಿಳಿದಿರುವುದಿಲ್ಲ. ಫೋಲಿಕ್ ಆಮ್ಲವನ್ನು ಗರ್ಭಧಾರಣೆಗೆ ಮೊದಲೇ ಸೇವಿಸಬೇಕೆಂದು ವೈದ್ಯರು ಒತ್ತಿಹೇಳುವುದು ಇದಕ್ಕಾಗಿ. ನರನಾಳದ ದೋಷವಿದ್ದ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರಲ್ಲಿ ಈ ಔಷಧಿ ದೋಷದ ಮರುಕಳಿಕೆಯನ್ನು ಶೇ. 72ರಷ್ಟು ತಗ್ಗಿಸಿತೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ತೋರಿಸಿಕೊಟ್ಟಿತು. ಅಯೋಡಿನ್ ಕೊರತೆಯಾದರೆ ಶಿಶುವಿನ ಬುದ್ಧಿಶಕ್ತಿ ಕುಂಠಿತವಾಗುತ್ತದೆ. ಅಯೋಡಿನ್‌ಯುಕ್ತ ಉಪ್ಪಿನ ಬೆಲೆ ಯಾವ ಧ್ವನಿಯಂತ್ರದ ಮುಂದೆ ಲೆಕ್ಕಕ್ಕುಂಟು?

ರಕ್ತಹೀನತೆ ಎಲ್ಲಕ್ಕಿಂತ ದೊಡ್ಡ ಸಮಸ್ಯೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ಅದಿತ್ತು. 60 ಮಿಲಿಗ್ರಾಂ ಕಬ್ಬಿಣ ಹಾಗೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವುಳ್ಳ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಸೇವಿಸಬೇಕು. ಮಲ ಕಪ್ಪಾಯಿತೆಂದು ಗಾಬರಿಯಾಗಿ ಮಾತ್ರೆ ಬಿಡುವವರು ಬಹಳ. ಅದು ಕಬ್ಬಿಣದ ಬಣ್ಣವೇ ಹೊರತು ರೋಗವಲ್ಲ. ಮಾತ್ರೆಯ ಜೊತೆ ಚಹಾ, ಕಾಫಿ ಬೇಡ, ನಿಂಬೆಯ ಪಾನಕ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ನುಂಗಬೇಕು. ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಬಸುರಿಯ ತುತ್ತು ಕಡಿಮೆ ಮಾಡುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಅದು ಶಿಶುವಿಗೆ ಬಗೆಯುವ ದ್ರೋಹ.

ತಾಯಿ ಉಂಡದ್ದರ ರುಚಿ ಸಹ ಗರ್ಭಜಲಕ್ಕೆ ಇಳಿಯುತ್ತದೆಂಬುದು ಸ್ವಾರಸ್ಯದ ವಿಷಯ. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗರ್ಭಾವಧಿಯ ಕೊನೆಯಲ್ಲಿ ಗಜ್ಜರಿಯ ರಸ ಕುಡಿದ ತಾಯಂದಿರ ಮಕ್ಕಳು ಮುಂದೆ ಗಜ್ಜರಿಯ ರುಚಿಯ ಗಂಜಿಗೆ ಮುಖ ಸಿಂಡರಿಸಿದ್ದು ಕಡಿಮೆ. ಬೆಳ್ಳುಳ್ಳಿಯ ಒಗ್ಗರಣೆಯ ಪರಿಚಯವೂ ಹೀಗೆ ಮೊದಲೇ ಆಗಿರುತ್ತದೆ.

ತಂದೆಯ ಪಾಲಿನ ಕೆಲಸವೂ ಇದೆ. ಒಂದೇ ಕೋಣೆಯ ಮನೆಯಲ್ಲಿ ಸೇದಿದ ಬೀಡಿಯ ಹೊಗೆ ತಾಯಿಯ ಶ್ವಾಸದ ಮೂಲಕ ಶಿಶುವಿಗೂ ಹಾನಿ ಮಾಡುತ್ತದೆ. ಪ್ರತಿ ತಿಂಗಳ 9ನೆಯ ತಾರೀಖು, 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ತಪಾಸಣೆ ಏರ್ಪಡುತ್ತದೆ. ಪತ್ನಿಯನ್ನು ಕರೆದೊಯ್ಯಲು ಆ ದಿನ ರಜೆ ಹಾಕಬಹುದು. ಏಳನೆಯ ತಿಂಗಳ ನಂತರ ಹೊಟ್ಟೆಯಲ್ಲಿ ಶಿಶುವಿನ ಚಲನೆ ಎಂದಿಗಿಂತ ಕಡಿಮೆಯಾಯಿತೆನಿಸಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಚೊಚ್ಚಲ ಹೆರಿಗೆಗೆ ಪುಣೆಯಿಂದಲೋ ಮುಂಬಯಿಯಿಂದಲೋ ಕಲಬುರಗಿ, ವಿಜಯಪುರ ಕಡೆಯ ತವರಿಗೆ ಹೊರಡುವವರು ಸೀಮಂತದ ಸೀರೆಯೊಡನೆ ತಾಯಿ-ಮಗುವಿನ ರಕ್ಷಣಾ ಕಾರ್ಡನ್ನೂ ಉಳಿದ ಮಾತ್ರೆಗಳನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಊರಿನ ವೈದ್ಯರು ಮೊದಲು ಕೇಳುವುದು ಆ ಕಾರ್ಡನ್ನೇ.